ಮಾವನ ಹಾರ್ಮೋನಿಯಂ ಮುಂದಿನ ಮಾನಿಟರು

ಕಂಪ್ಯೂಟರು ನನ್ನ ಮಾತು ಕೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಇದು ಒಳ್ಳೆಯ ಗುಣವೋ ಕೆಟ್ಟ ಗುಣವೋ ಗೊತ್ತಿಲ್ಲ. ನನ್ನ ಗಂಡನ ಪ್ರಕಾರ ಗುಣವೇ ಅಲ್ಲ, ಕಾಯಿಲೆ. ವಸಂತನರಸಾಪುರದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ನನಗೆ ಕೆಲಸ. ಅಲ್ಲಿ ಯಾರ ಪ್ರಿಂಟರು ಮುನಿಸಿಕೊಂಡರೂ, ಯಾರ ಪರದೆ ಕಪ್ಪಾದರೂ ಮೊದಲು ನನ್ನ ಮೇಜಿನ ಹತ್ತಿರ ಬರುತ್ತಾರೆ. ನಾನು ಓದಿದ್ದು ಬಿಕಾಂ. ಉಳಿದದ್ದೆಲ್ಲ ಹಟ ಮಾಡಿ ಕಲಿತದ್ದು.

ಮಾವನವರದು ಬೇರೆ ಕಾಯಿಲೆ, ನಾಟಕದ್ದು. ಗುಬ್ಬಿ ಪಕ್ಕದ ಹಳ್ಳಿಯವರಾದ ಅವರು ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲೇ ಇದ್ದಾರೆ. ಊರೂರಿನ ಜನಕ್ಕೆ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ನಮ್ಮ ಸೀಮೆಯಲ್ಲಿ ಇದೊಂದು ಬಿಡಲಾರದ ಚಟ. ತೆಂಗಿನ ತೋಟದವರು, ಬಸ್ ಕಂಡಕ್ಟರು, ಗ್ಯಾರೇಜಿನವರು ಎಲ್ಲ ಸೇರಿ ತಿಂಗಳುಗಟ್ಟಲೆ ಹಾಡು ಕಲಿತು, ಕಿರೀಟ ಬಾಡಿಗೆಗೆ ತಂದು, ಒಂದು ದಿನದ ಮಟ್ಟಿಗೆ ರಾಜ ಮಂತ್ರಿಗಳಾಗಿಬಿಡುತ್ತಾರೆ. ಮೇಷ್ಟ್ರು ರಂಗದ ಮುಂದೆ, ಜನಕ್ಕೆ ಬೆನ್ನು ಹಾಕಿ, ಹಾರ್ಮೋನಿಯಂ ಹಿಡಿದು ಕೂರುತ್ತಾರೆ. ಯಾರು ಯಾವಾಗ ಬರಬೇಕು, ಯಾವ ಹಾಡು ಎತ್ತಬೇಕು, ಮಾತು ಮರೆತವನಿಗೆ ಹೇಗೆ ಎತ್ತಿಕೊಡಬೇಕು, ಎಲ್ಲ ಅವರ ಕೈಯಲ್ಲಿ.

ಇಷ್ಟು ವರ್ಷ ಮಾಡಿದವರಿಗೆ ನಾಟಕ ಬಾಯಿಪಾಠ ಇರುವುದಿಲ್ಲವೇ ಎಂದು ನಾನೂ ಕೇಳಿದ್ದೆ. ಇರುತ್ತದೆ, ಆದರೆ ಅದೇ ತೊಂದರೆ. ಒಂದೊಂದು ಊರಿಗೂ ನಾಟಕ ಬದಲಾಗುತ್ತದೆ. ಈ ಊರಿನ ಸೇನಾಪತಿಗೆ ಇನ್ನೊಂದು ಹಾಡು ಬೇಕು, ಆ ಊರಿನ ರಾಣಿಗೆ ಹಾಡು ಬೇಡ, ಮಾತು ಬೇಕು. ಎಲ್ಲ ಊರಿನ ಎಲ್ಲ ಹಾಡೂ ತಲೆಯಲ್ಲಿರುವವರಿಗೆ ಇವತ್ತು ಯಾವುದು ಎಂದು ಹೇಳಲು ಕಣ್ಣೆದುರು ಪುಸ್ತಕ ಇರಲೇಬೇಕು. ಆ ಕಣ್ಣೇ ಈಗ ಕೈ ಕೊಟ್ಟಿತ್ತು.

ನೋಟದ ನಡುಭಾಗಕ್ಕೆ ಮಸಿ ಒರೆಸಿದ ಹಾಗೆ ಆಗಿದೆ, ಆಪರೇಷನ್ನಿನಿಂದ ಸರಿಹೋಗುವುದಲ್ಲ ಎಂದು ಡಾಕ್ಟರು ಹೇಳಿದರು. ನಡೆದಾಡಲು ತೊಂದರೆಯಿಲ್ಲ, ಅನ್ನ ಸಾರು ಗೊತ್ತಾಗುತ್ತದೆ, ಪುಸ್ತಕದ ಅಕ್ಷರ ಮಾತ್ರ ಇಲ್ಲವೇ ಇಲ್ಲ. ಮಾವ ಇದನ್ನು ಹೊರಗೆ ಯಾರಿಗೂ ಹೇಳಲಿಲ್ಲ. ಪುಸ್ತಕ ಬಿಡಿಸಿಟ್ಟುಕೊಂಡು, ಓದುವವರ ಹಾಗೆ ಪುಟ ಮಗುಚುತ್ತ, ಅಂದಾಜಿನ ಮೇಲೆ ನಡೆಸುತ್ತಿದ್ದರು. ಕುಣಿಗಲ್‌ನವರಿಗೆ ಕಲಿಸುತ್ತಿದ್ದ ನಾಟಕದ ತಾಲೀಮಿನಲ್ಲಿ ಒಂದು ಹಾಡನ್ನೇ ಹಾರಿಸಿಬಿಟ್ಟರು. ಬಾಯಿ ತೆರೆದು ನಿಂತಿದ್ದ ಮುನಿಯ ಪಾತ್ರದವನು ಹಾಗೇ ಬಾಯಿ ಮುಚ್ಚಿಕೊಂಡನಂತೆ.

ಆ ನಾಟಕದ ಮುಂದಾಳು ಕುಣಿಗಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ರಾಜನ ಪಾತ್ರವೂ ಅವರದೇ. ಮಾರನೆಯ ದಿನವೇ ಫೋನು ಬಂತು. ಸ್ಪೀಕರಿನಲ್ಲಿ ಇದ್ದದ್ದರಿಂದ ನಾನೂ ಕೇಳಿಸಿಕೊಂಡೆ.

"ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ. ಕಣ್ಣು ಸರಿಯಾಗಿ ಕಾಣ್ಸಲ್ವೇನೋ ಅಂತ ಹುಡುಗ್ರೆಲ್ಲ ಮಾತಾಡ್ಕೊಂತಾವ್ರೆ. ಬೇಕಾದ್ರೆ ಈ ಸಲಕ್ಕೆ ಬೇರೆಯವ್ರನ್ನ ನೋಡ್ಕೊಂತೀವಿ. ನೀವು ಆರಾಮಾಗಿ ಮುಂದಿನ ಸಾಲಲ್ಲಿ ಕೂತ್ಕೊಳ್ಳಿ, ಸನ್ಮಾನ ಮಾಡ್ತೀವಿ."

"ನನ್ ಕಣ್ಗೇನಾಗೈತೆ? ಚೆನ್ನಾಗವೆ!" ಎಂದು ಮಾವ ಫೋನು ಇಟ್ಟರು. ಇಟ್ಟ ಮೇಲೆ ನನ್ನ ಕಡೆ ತಿರುಗಿದರು. "ಇದು ಗೊತ್ತಾಗ್ಬುಟ್ರೆ ಇನ್ಯಾವ ಊರ್ನೋರೂ ನನ್ನ ಕರೆಯಲ್ಲ ಕಣಮ್ಮ. ಸನ್ಮಾನ ಅಂದ್ರೆ ಏನು ಗೊತ್ತಾ? ಇನ್ ಸಾಕು, ಎದ್ದೋಗು ಅಂತ."

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಮಕ್ಕಳ ಆನ್‌ಲೈನ್ ಪಾಠದ ಕಾಲದಲ್ಲಿ ಕೊಂಡಿದ್ದ ಡೆಸ್ಕ್‌ಟಾಪು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಒಳ್ಳೆಯ ಅಗಲವಾದ ಮಾನಿಟರು. ಅದನ್ನು ಒರೆಸಿ, ಆನ್ ಮಾಡಿ, ಮಾವನನ್ನು ಮುಂದೆ ಕೂರಿಸಿದೆ. ಒಂದೇ ಒಂದು 'ಕ' ಅಕ್ಷರವನ್ನು ತೆಂಗಿನಕಾಯಿ ಗಾತ್ರಕ್ಕೆ ಹಿಗ್ಗಿಸಿ, ಮೆಲ್ಲಗೆ ಕಿರಿದು ಮಾಡುತ್ತ ಬಂದೆ.

"ಈಗ?"

"ಕಾಣ್ತದೆ."

"ಈಗ?"

"ಕಾಣ್ತದೆ ಕಣಮ್ಮ."

ನಾಲ್ಕು ಬೆರಳಿನಗಲಕ್ಕೆ ಬಂದರೂ ಕಾಣುತ್ತಿತ್ತು! ಕಪ್ಪು ಹಿನ್ನೆಲೆಯಲ್ಲಿ ಹಳದಿ ಅಕ್ಷರ ಮಾಡಿದರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಕಣ್ಣನ್ನು ಸ್ವಲ್ಪ ಓರೆ ಮಾಡಿ, ಮಸಿಯ ಪಕ್ಕದಿಂದ ಇಣುಕಿ, ಅವರು "ಕ, ಕಾ, ಕಿ, ಕೀ" ಎಂದು ಓದತೊಡಗಿದಾಗ ನಾನು ಕುರ್ಚಿಯಿಂದ ಎದ್ದೇ ನಿಂತಿದ್ದೆ. ಗಂಡ ಟಿವಿಯ ಸದ್ದು ತಗ್ಗಿಸಿ ನೋಡಿದರು.

"ಏನೇ, ಅಪ್ಪನಿಗೆ ಕಾಗುಣಿತ ಹೇಳಿಕೊಡ್ತಿದೀಯಾ?"

"ಸುಮ್ನಿರ್ರೀ, ನಾಟಕ ನಡೀತದೆ ಇದ್ರಲ್ಲಿ."

ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದೆ. ನಾಟಕವನ್ನು ಬಹಳ ವರ್ಷದ ಹಿಂದೆ ಗುಬ್ಬಿಯ ಒಬ್ಬ ಟೈಪಿಸ್ಟು ಕಂಪ್ಯೂಟರಿನಲ್ಲಿ ಕೂರಿಸಿಕೊಟ್ಟಿದ್ದ. ಆ ಫೈಲು ಪೆನ್‌ಡ್ರೈವಿನಲ್ಲಿ ಇತ್ತು. ತೆರೆದರೆ, ನಮ್ಮ ರಾಜ ರಾಣಿಯರು ಎಲ್ಲಿ? ಪೌಂಡಿನ ಗುರುತು, ತಲೆಗೆ ಟೋಪಿ ಇಟ್ಟ ಇಂಗ್ಲಿಷ್ ಎ, ಎರಡು ಚುಕ್ಕಿ ಹೊತ್ತ ಯು, ಪುಟಗಟ್ಟಲೆ ಅದೇ ಸಂತೆ. ಹಳೆಯ ಕಾಲದ ಕನ್ನಡ ಫಾಂಟುಗಳ ಹಣೆಬರಹ ಇದು. ಒಳಗೆ ಇರುವುದು ಇಂಗ್ಲಿಷ್ ಅಕ್ಷರವೇ, ಫಾಂಟು ಅದರ ಮೇಲೆ ಕನ್ನಡದ ವೇಷ ಹಾಕಿಸುತ್ತದೆ. ಫಾಂಟು ಇಲ್ಲದಿದ್ದರೆ ವೇಷ ಕಳಚಿ ಬೀಳುತ್ತದೆ.

ಬಟವಾಡಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಗೆಳತಿಯಿಂದ ಆ ಹಳೆಯ ಫಾಂಟು ತಂದು ಹಾಕಿದೆ. ಕನ್ನಡ ಬಂತು. ನಾನು ಕುಣಿದೆ, ಮಾವ ಚಹಾ ಕುಡಿದರು. ಆದರೆ ಮಾವನಿಗೆ ಬೇಕಾದ ಗಾತ್ರಕ್ಕೆ ಹಿಗ್ಗಿಸಿ ದಪ್ಪ ಮಾಡಿದ ಕೂಡಲೇ ಒತ್ತಕ್ಷರಗಳು ತಾಯಿಯ ಕೈ ಬಿಟ್ಟ ಮಕ್ಕಳ ಹಾಗೆ ಪಕ್ಕದ ಅಕ್ಷರದ ಕೆಳಗೆ ಹೋಗಿ ನಿಂತವು. ಆ ಫಾಂಟು ಸಣ್ಣ ಗಾತ್ರದಲ್ಲಿ ಕಾಗದದ ಮೇಲೆ ಬರಲು ಹುಟ್ಟಿದ್ದು, ನಾಲ್ಕು ಬೆರಳಿನ ಗಾತ್ರ ಅದರ ಜಾತಕದಲ್ಲೇ ಇರಲಿಲ್ಲ. ಇಡೀ ನಾಟಕವನ್ನು, ಒಳಗೂ ಕನ್ನಡ ಅಕ್ಷರವೇ ಇರುವ ಯೂನಿಕೋಡಿಗೆ ಬದಲಾಯಿಸದೆ ಬೇರೆ ದಾರಿಯಿಲ್ಲ ಎಂದು ಗೊತ್ತಾಯಿತು.

ಬದಲಾಯಿಸುವ ತಂತ್ರಾಂಶ ಸಿಕ್ಕಿತು, ಬದಲಾಯಿತು, ಅಕ್ಷರಗಳು ದುಂಡಗೆ, ಗಟ್ಟಿಯಾಗಿ, ಒತ್ತುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತು ಬಂದವು. "ಮಾವ, ಬನ್ನಿ!" ಎಂದು ಕೂಗಿದೆ. ಅವರು ಹಾರ್ಮೋನಿಯಂ ಸಮೇತ ಬಂದರು. ಅವರು ಅಕ್ಷರ ಪರೀಕ್ಷೆ ಮಾಡುವುದು ಓದಿ ಅಲ್ಲ, ಹಾಡಿ. ಹಾಡು ಎಲ್ಲಿ ತಡವರಿಸಿತೋ ಅಲ್ಲಿ ಅಕ್ಷರ ಸರಿಯಿಲ್ಲ ಎಂದು ಲೆಕ್ಕ. ಮೊದಲ ಸಾಲಿಗೇ ನಿಂತರು.

"ಇದ್ಯಾಕಮ್ಮ, ರಾಜನೂ 'ಈ' ಅಂತ ಬತ್ತಾನೆ, ರಾಣಿನೂ 'ಈ' ಅಂತ ಬತ್ತಾಳೆ? ಎಲ್ರೂ ಹಲ್ಲು ಕಿರ್ಕೊಂಡೇ ಬರ್ತಾರಾ?"

ನೋಡಿದರೆ ನಿಜ. ಪ್ರತಿಯೊಬ್ಬರ ಪ್ರವೇಶದ ಮುಂದೂ ಒಂದು 'ಈ'. ಅಲ್ಲಲ್ಲಿ ಶೇಕಡಾ ಗುರುತು, ಅಲ್ಲಲ್ಲಿ ಅರ್ಥವಿಲ್ಲದ ಉದ್ಧರಣ ಚಿಹ್ನೆ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಮಾವನೇ ಬಾಯಿ ಬಿಟ್ಟರು. ಅವರು ಆ ಟೈಪಿಸ್ಟಿಗೆ ಹೇಳಿ ಚಿತ್ರದ ಗುರುತು ಹಾಕಿಸಿಕೊಂಡಿದ್ದರಂತೆ. ಪಾತ್ರ ಬರುವ ಕಡೆ ತೋರುವ ಕೈ, ಪರದೆ ಬೀಳುವ ಕಡೆ ಗಂಟೆ, ಜನ ಬೇಸರಪಟ್ಟರೆ ಬಿಟ್ಟುಬಿಡಬಹುದಾದ ಚರಣದ ಮುಂದೆ ಕತ್ತರಿ. ಚಿತ್ರದ ಫಾಂಟಿನಲ್ಲಿ ಕೂಡ ಒಳಗೆ ಇರುವುದು ಇಂಗ್ಲಿಷ್ ಅಕ್ಷರವೇ. ಬದಲಾಯಿಸುವ ತಂತ್ರಾಂಶಕ್ಕೆ ಕೈ ಯಾವುದು, ಕಾಲು ಯಾವುದು ಏನು ಗೊತ್ತು? ಅದು ಕೈಯನ್ನೆಲ್ಲ 'ಈ' ಮಾಡಿಟ್ಟಿತ್ತು.

ಇಷ್ಟೇ ತಾನೆ ಎಂದು ನಾನು ಜಂಬದಿಂದ, ಇರುವ 'ಈ'ಗಳನ್ನೆಲ್ಲ ಒಂದೇ ಏಟಿಗೆ ಕೈ ಚಿತ್ರ ಮಾಡು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟೆ. ಅದು ವಿಧೇಯವಾಗಿ ಮಾಡಿತು. ಈ ದಿನ, ಈ ಖಡ್ಗ, ಈ ಜನ್ಮ ಎಲ್ಲ ಕಡೆಯೂ ಕೈ ಬಂತು. ರಾಜನ ಒಂದು ಮಾತಿನಲ್ಲೇ ಕೈಗಳು ಎದ್ದು ನಿಂತು, ಚುನಾವಣೆಯ ಸಭೆಯ ಹಾಗೆ ಕಂಡಿತು. ಮಾವ ಹಾರ್ಮೋನಿಯಂ ಮೇಲೆ ತಲೆಯಿಟ್ಟು ನಕ್ಕರು. ನಾನು ಮೊದಲು ಮುಖ ಊದಿಸಿಕೊಂಡೆ, ಆಮೇಲೆ ನನಗೂ ತಡೆಯಲಾಗಲಿಲ್ಲ.

ಹಿಂದಕ್ಕೆ ತಂದು, ಸಾಲಿನ ಮೊದಲಿಗೆ ಬರುವ 'ಈ'ಗಳನ್ನು ಒಂದೊಂದಾಗಿ ನೋಡಿ ಬದಲಾಯಿಸಿದೆ. ಕುಣಿಗಲ್‌ನವರಿಗೆಂದು ಪುಸ್ತಕದಲ್ಲಿ ಮಾಡಿದ್ದ ಬದಲಾವಣೆಗಳನ್ನೂ ಸೇರಿಸಿದೆ. ಬಣ್ಣ ಸಿಗುವಾಗ ಬಿಡುವುದೇಕೆ ಎಂದು ಕೈಗೆ ಹಸಿರು, ಗಂಟೆಗೆ ಬಿಳಿ, ಕತ್ತರಿಗೆ ಕೆಂಪು ಕೊಟ್ಟೆ. ಸಾಲಿನ ಅಂತರ ಬಿಗಿಯಾಗಿದ್ದರಿಂದ ಕೆಳಗಿನ ಒತ್ತುಗಳ ಕಾಲು ಕತ್ತರಿಸಿ ಹೋಗುತ್ತಿತ್ತು, ಅದನ್ನು ಸಡಿಲಿಸಿದೆ. ಅಷ್ಟಾದರೂ ಅಕ್ಷರದ ಅಂಚು ಮಂಜು ಮಂಜು. ಮಾವ ತಮ್ಮ ಕಣ್ಣನ್ನೇ ಬೈದುಕೊಂಡರು. ನನಗೂ ಮಂಜಾಗೇ ಕಾಣುತ್ತಿದೆ ಎಂದಾಗ ಅವರಿಗೆ ಆದ ಖುಷಿ ನೋಡಬೇಕಿತ್ತು. ತಪ್ಪು ಕಣ್ಣಿನದಲ್ಲ, ಮಾನಿಟರಿನದು! ಪರದೆಯನ್ನು ನಡೆಸುವ ಡ್ರೈವರ್ ತಂತ್ರಾಂಶ ಇರಲಿಲ್ಲ, ಹಾಗಾಗಿ ಅಗಲವಾದ ಪರದೆ ಸಣ್ಣ ಪರದೆಯ ಚಿತ್ರವನ್ನು ಎಳೆದು ಹಿಗ್ಗಿಸಿ ತೋರಿಸುತ್ತಿತ್ತು. ಅದನ್ನು ತಂದು ಹಾಕಿ ಮತ್ತೆ ಆನ್ ಮಾಡಿದರೆ, ಅಬ್ಬಾ, ಅಕ್ಷರಗಳು ಈಗ ತಾನೆ ಎಣ್ಣೆ ಸ್ನಾನ ಮಾಡಿ ಬಂದ ಹಾಗೆ ಹೊಳೆಯುತ್ತಿದ್ದವು.

ಅಕ್ಷರದ ಗಾತ್ರಕ್ಕೂ ಮಾವ, ಹಾರ್ಮೋನಿಯಂನ ಬಿಳಿ ಮನೆ ಕಪ್ಪು ಮನೆ ಎಣಿಸಿ ಹೇಳುವ ಶ್ರುತಿಯ ಹೆಸರೇ ಇಟ್ಟುಬಿಟ್ಟರು. "ಇವತ್ತು ಕಣ್ಣು ಮಂದವಾಗೈತೆ, ಕಪ್ಪು ಎರಡಕ್ಕೆ ಏರ್ಸಮ್ಮ." ನಾನು ಏರಿಸುತ್ತಿದ್ದೆ. ಅವರು ಹಾಡುತ್ತಿದ್ದರು.

ಸಿಂಹಾಸನವ ಬಿಟ್ಟು ಸೀಗೆ ಮೆಳೆಯೊಳು ಕುಳಿತೆ
ಸಿರಿಯೆಂಬುದೆ ಸೆರೆಯೆಂದು ಇಂದೀಗ ನಾನರಿತೆ

ಕೆಲಸ ಮುಗಿಸಿ ಬಟವಾಡಿಯಲ್ಲಿ ಬಸ್ಸಿಳಿದು, ಆಟೋ ಹಿಡಿದು ಮನೆಗೆ ಬರುವ ಹೊತ್ತಿಗೆ ಬಾಗಿಲಲ್ಲೇ ಈ ಹಾಡು ಕೇಳಿಸುತ್ತಿತ್ತು. ನಾಟಕ ಅಂದರೆ ಮೂಗು ಮುರಿಯುತ್ತಿದ್ದ ನಾನು ಚಪ್ಪಲಿ ಬಿಡುವಷ್ಟರಲ್ಲಿ ಎರಡನೆಯ ಸಾಲು ಹೇಳುತ್ತಿದ್ದೆ. ಹಾಡು ಕೇಳಿಸಿಕೊಂಡೇ ಗಂಡ ಬೇಳೆಗೆ ಒಗ್ಗರಣೆ ಹಾಕುವುದನ್ನೂ ಕಲಿತರು, ಅದು ಬೇರೆ ಲಾಭ.

ಇನ್ನು ಉಳಿದದ್ದು ಒಂದೇ. ಮಾವ ಪುಸ್ತಕ ಬಿಟ್ಟು ಪರದೆ ನೋಡಿ ಓದುವುದು ಯಾರಿಗೂ ಗೊತ್ತಾಗಬಾರದು. ಇಷ್ಟು ದೊಡ್ಡ ಪರದೆ ಮುಂದಿಟ್ಟುಕೊಂಡು ಅದನ್ನು ಬಚ್ಚಿಡುವುದು ಹೇಗೆ? ಟೇಬಲ್ ಫ್ಯಾನಿನ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ, ಕಪ್ಪು ಬಟ್ಟೆ ಸುತ್ತಿ, ಮಾನಿಟರಿಗೆ ಮುಸುಕು ಮಾಡಿದೆ. ಮಾವನ ಮುಖದ ಕಡೆ ಕಿಂಡಿ, ಉಳಿದೆಲ್ಲ ಕಡೆ ಮುಚ್ಚು. ಕೇಳಿದವರಿಗೆ ಏನು ಹೇಳುವುದು ಎಂದೆ. "ತಾಳದ ಮಿಷನ್ನು ಅಂದ್ರಾಯ್ತು ಬುಡು. ಈಗೆಲ್ಲ ಬಂದವಲ್ಲ, ಯಾರ್ಗೊತ್ತಾಯ್ತದೆ" ಎಂದರು ಮಾವ. ಹಾರ್ಡ್‌ವೇರ್ ಅಂಗಡಿಯವರಿಗೂ ಫೋನು ಮಾಡಿ ಗತ್ತಿನಿಂದ ಅದನ್ನೇ ಹೇಳಿದರು. ಆ ಕಡೆಯವರು ಅರೆಮನಸ್ಸಿನಿಂದ ಒಪ್ಪಿದರು. ಒಂದೇ ಒಂದು ಹಾಡು ತಪ್ಪಿದರೂ ಮಧ್ಯದಲ್ಲೇ ಬೇರೆ ಮೇಷ್ಟ್ರನ್ನು ಕೂರಿಸುತ್ತೇವೆ, ಕರೆಸಿಟ್ಟಿರುತ್ತೇವೆ ಎಂದೂ ಹೇಳಿದರು.

ಈಗೀಗ ನಮ್ಮ ಕಡೆ ಹಗಲು ನಾಟಕಗಳೇ ಹೆಚ್ಚು. ಕುಣಿಗಲ್‌ನ ಆ ಸಭಾಂಗಣಕ್ಕೆ ಬೆಳಗಿನ ತಿಂಡಿ ಹೊತ್ತಿಗೆ ತಲುಪಿದೆವು. ಮಾನಿಟರನ್ನು ಮಗುವಿನ ಹಾಗೆ ರಗ್ಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದೆ. ಕರೆಂಟು ಹೋದರೂ ಕಂಪ್ಯೂಟರು ಆರದ ಹಾಗೆ ಕಾಯುವ ಯುಪಿಎಸ್‌ಗೆ ಕಾರಿನಲ್ಲಿ ಜಾಗವಿರಲಿಲ್ಲ. "ಜನರೇಟರ್ ಐತೆ ಕಣಕ್ಕ, ಕಣ್ ಮುಚ್ಚಿ ತೆಗೆಯೋದ್ರೊಳಗೆ ಕರೆಂಟ್ ಬತ್ತದೆ" ಎಂದು ಅಲ್ಲಿನವರು ಧೈರ್ಯ ಹೇಳಿದ್ದರು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕಂಪ್ಯೂಟರು ಸತ್ತು ಹುಟ್ಟುತ್ತದೆ ಎಂದು ಅವರಿಗೆ ಹೇಗೆ ತಿಳಿಯಬೇಕು? ನನಗೆ ತಿಳಿಯಬೇಕಿತ್ತು.

ರಂಗದ ಕೆಳಗೆ, ಜನರ ಮುಂದಿನ ಸಾಲಿಗೂ ರಂಗಕ್ಕೂ ನಡುವೆ ನಮ್ಮ ಠಾಣೆ. ಮಾವ ರಂಗಕ್ಕೆ ಮುಖ ಮಾಡಿ ಹಾರ್ಮೋನಿಯಂ ಮುಂದೆ, ಅವರೆದುರಿಗೆ ಸ್ಟೂಲಿನ ಮೇಲೆ ಮುಸುಕು ಹಾಕಿದ ಮಾನಿಟರು, ಪಕ್ಕದಲ್ಲಿ ಕೀಬೋರ್ಡು ತೊಡೆಯ ಮೇಲಿಟ್ಟುಕೊಂಡ ನಾನು. ಪುಟ ಮುಗಿಯುತ್ತಿದ್ದ ಹಾಗೆ ಒಂದು ಕೀಲಿ ಒತ್ತುವುದು ನನ್ನ ಕೆಲಸ. ಇನ್ನೊಬ್ಬ ಮೇಷ್ಟ್ರು ನಿಜವಾಗಿಯೂ ಬಂದು ಗೋಡೆಗೊರಗಿ ನಿಂತಿದ್ದರು.

ಮೊದಲ ಅಂಕ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಹಸಿರು ಕೈ ಕಂಡ ಕೂಡಲೇ ಮಾವನ ಬೆರಳು ಪ್ರವೇಶದ ಮಟ್ಟು ಎತ್ತುತ್ತಿತ್ತು, ಬಿಳಿ ಗಂಟೆ ಕಂಡರೆ ಕಣ್ಣಲ್ಲೇ ಪರದೆಯವನಿಗೆ ಸನ್ನೆ ಹೋಗುತ್ತಿತ್ತು. ಮಂತ್ರಿ ಮಾತು ಮರೆತಾಗ, ಮುಖ ಎತ್ತದೆ, ಹಾರ್ಮೋನಿಯಂ ಸದ್ದಿನ ನಡುವೆ ಮಾವ ಮಾತು ಎತ್ತಿಕೊಟ್ಟ ರೀತಿಗೆ ಗೋಡೆಗೊರಗಿದ್ದ ಮೇಷ್ಟ್ರು ತಲೆ ಆಡಿಸಿದರು. ನನಗೆ ಎದ್ದು ಚಪ್ಪಾಳೆ ತಟ್ಟಬೇಕೆನ್ನಿಸಿತು. ತೊಡೆಯ ಮೇಲೆ ಕೀಬೋರ್ಡು ಇದ್ದದ್ದರಿಂದ ಸುಮ್ಮನಿದ್ದೆ.

ಎರಡನೆಯ ಅಂಕದಲ್ಲಿ ರಾಜ ಕಾಡು ಸೇರುತ್ತಾನೆ. ಸಿಂಹಾಸನದ ಹಾಡು ಬರುವ ಜಾಗ ಅದು. ರಾಜ ಬಂದು ನಿಂತ, ಕರೆಂಟು ಹೋಯಿತು.

ಕತ್ತಲಲ್ಲಿ ಒಬ್ಬ ಸೈನಿಕ ಗಾಬರಿಯಿಂದ ರಂಗದ ಮೇಲಿಂದ ಕೆಳಗಿಳಿದು ಓಡಿದ. ಅವನ ಮರದ ಕತ್ತಿ ನನ್ನ ಮಾನಿಟರಿನ ಕೇಬಲ್ಲಿಗೆ ಸಿಕ್ಕಿ ಎಳೆದದ್ದು ಗೊತ್ತಾಯಿತು. ಜನರೇಟರು ಗುಡುಗಿತು, ದೀಪ ಬಂತು. ಮಾವ ಎದೆಗುಂದಲಿಲ್ಲ, ಹಾಡಿನ ಮೊದಲಿನ ಮಟ್ಟನ್ನೇ ಎಳೆದು ಎಳೆದು ನುಡಿಸುತ್ತಿದ್ದರು, ತಬಲದವರು ಜೊತೆಗೂಡಿದರು. ರಾಜ ಕಾಡಿನಲ್ಲಿ ಅತ್ತಿಂದಿತ್ತ ಅಡ್ಡಾಡುತ್ತಿದ್ದ. ನಾನು ಒಳಗೊಳಗೇ ಕಂಪ್ಯೂಟರಿಗೆ ಹಿಡಿಶಾಪ ಹಾಕುತ್ತ, ಅದು ಎದ್ದು ಕೂತ ಕೂಡಲೇ ಫೈಲು ತೆರೆದು, 'ಸೀಗೆ' ಎಂದು ಹುಡುಕಿ ಪುಟ ತಂದೆ. ಹಳದಿ ಅಕ್ಷರ ಬರಲಿಲ್ಲ. ಕೆಂಪಗೆ ಬಂತು, ನಡುಗಿತು, ಹೋಯಿತು. ಕಪ್ಪಿನ ಮೇಲೆ ಕೆಂಪು ಕತ್ತರಿಯ ಚಿತ್ರವಾದರೆ ಮಾವನಿಗೆ ಹೇಗೋ ಗೊತ್ತಾಗುತ್ತದೆ, ಕೆಂಪಕ್ಷರ ಏನೇನೂ ಕಾಣುವುದಿಲ್ಲ.

"ಅಮ್ಮಾ," ಎಂದರು ಮಾವ, ತುಟಿಯಲ್ಲೇ. ಅಷ್ಟು ಭಯವನ್ನು ಅವರ ದನಿಯಲ್ಲಿ ನಾನು ಕೇಳಿರಲಿಲ್ಲ.

ಮುಸುಕಿನ ಹಿಂದಿನಿಂದ ಕೈ ತೂರಿಸಿದೆ. ಕೇಬಲ್ಲಿನ ತಿರುಪು ಮುರಿದು, ಪ್ಲಗ್ಗು ಅರ್ಧ ಕಳಚಿ ಜೋತು ಬಿದ್ದಿತ್ತು. ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದರೆ ಹಳದಿ ಬರುತ್ತದೆ, ಬಿಟ್ಟರೆ ಕೆಂಪು. ಅದನ್ನು ಒತ್ತಿ ಹಿಡಿಯಬೇಕಾದರೆ ನಾನು ಮಾನಿಟರಿನ ಹಿಂದೆ ಕೂರಬೇಕು. ಹಿಂದೆ ಕೂರಬೇಕಾದರೆ ಮುಸುಕು ಹೋಗಬೇಕು. ಗೋಡೆಯ ಹತ್ತಿರ ಇದ್ದ ಮೇಷ್ಟ್ರು ಆಗಲೇ ಎರಡು ಹೆಜ್ಜೆ ಮುಂದೆ ಬಂದಿದ್ದರು. ನಾನು ಮಾವನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು. ರಟ್ಟಿನ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದು ಪರ್ರೆಂದು ಹರಿದೆಸೆದೆ.

ಕೀಬೋರ್ಡು ಎಳೆದುಕೊಂಡು ಹೋಗಿ ರಂಗಕ್ಕೆ ಬೆನ್ನು, ಜನಕ್ಕೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳು ಒತ್ತಿದೆ. ಮಾವನ ಮುಖದ ಮೇಲೆ ಹಳದಿ ಬೆಳಕು ಬಿತ್ತು. ಅವರು ನನ್ನನ್ನು ನೋಡಲಿಲ್ಲ, ಓರೆಗಣ್ಣಿನಿಂದ ಪರದೆ ನೋಡಿ ಹಾಡು ಎತ್ತಿಕೊಟ್ಟರು. ರಾಜ ಹಿಡಿದುಕೊಂಡ. ಸಿಂಹಾಸನವ ಬಿಟ್ಟು.

ಆಗ ನನಗೆ ಹೊಳೆಯಿತು, ನಾನಿರುವ ಕಡೆಯಿಂದ ಪರದೆ ಕಾಣುವುದಿಲ್ಲ. ಪುಟ ಯಾವಾಗ ಮಗುಚಬೇಕು? ತಲೆ ಎತ್ತಿದೆ. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಾಗಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು. ಪಕ್ಕದವಳದೂ ಅಲ್ಲಾಡುತ್ತಿತ್ತು. ಹಿಂದಿನ ಸಾಲಿನಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದವನು ಕೈ ನಿಲ್ಲಿಸಿ ನೋಡುತ್ತಿದ್ದ. ಅವರೆಲ್ಲ ಓದುತ್ತಿದ್ದರು! ನಾಲ್ಕು ಬೆರಳಿನ ಹಳದಿ ಅಕ್ಷರ ಸಭಾಂಗಣದ ಅರ್ಧದವರೆಗೂ ಕಾಣುತ್ತಿತ್ತು, ಮಾವನ ತಲೆಯ ಪಕ್ಕದಿಂದ ಎಲ್ಲರೂ ಇಣುಕಿ ಓದುತ್ತಿದ್ದರು.

ಅಜ್ಜಿಯ ತುಟಿ ನಿಂತಿತು. ನಾನು ಕೀಲಿ ಒತ್ತಿದೆ. ತುಟಿ ಮತ್ತೆ ಓಡತೊಡಗಿತು.

ಅಯ್ಯೋ, ಆ ಸಂತೋಷ ಹೇಗೆ ಹೇಳಲಿ! ನಾಟಕದ ಪುಟಗಳನ್ನು ನಾನು ಜನರ ಮುಖ ನೋಡಿಕೊಂಡು ಮಗುಚುತ್ತಿದ್ದೆ. ಎರಡನೆಯ ಸಲ ಪಲ್ಲವಿ ಬಂದಾಗ ಮುಂದಿನ ಸಾಲು ದನಿಗೂಡಿಸಿತು, ಮೂರನೆಯ ಸಲಕ್ಕೆ ಅರ್ಧ ಸಭಾಂಗಣ ಸೀಗೆ ಮೆಳೆಯೊಳು ಕುಳಿತುಬಿಟ್ಟಿತ್ತು. ರಾಜನ ಕಿರೀಟ ವಾಲಿದ್ದು ಅವನಿಗೇ ಗೊತ್ತಿರಲಿಲ್ಲ. ಮಾತು ಮರೆತು ತಡವರಿಸಿದರೆ ಮಾವನಿಗಿಂತ ಮೊದಲು ಜನವೇ ಎತ್ತಿಕೊಡುತ್ತಿತ್ತು. ಮಧ್ಯೆ ಮಾವ ಒಂದು ಚರಣ ಬಿಟ್ಟರು. ಕೂಡಲೇ ಹಿಂದಿನಿಂದ ಒಬ್ಬ ಎದ್ದು ಕೂಗಿದ.

"ಮೇಷ್ಟ್ರೇ, ಕೆಂಪು ಕತ್ರಿ ಕೆಳಗಿಂದು ಬುಟ್‌ಬುಟ್ರಲ್ಲ! ಹಾಡ್ಸಿ ಅದ್ನೂ!"

ಜನ ಬೇಸರಪಡುತ್ತಾರೆಂದು ಬಿಡಲು ಹಾಕಿಸಿದ್ದ ಕತ್ತರಿ ಅದು. ಆವತ್ತು ಕತ್ತರಿಗೆ ಕೆಲಸವೇ ಇರಲಿಲ್ಲ. ನಾನು ಪುಟ ಹಿಂದಕ್ಕೆ ತಂದೆ, ರಾಜ ಆ ಚರಣವನ್ನೂ ಹಾಡಿದ.

ನನ್ನ ಹೆಬ್ಬೆರಳು ಮರಗಟ್ಟಿತ್ತು, ಕಾಲು ಜೋಮು ಹಿಡಿದಿತ್ತು. ಆದರೆ ಮಾವನ ಮುಖ ನೋಡಿದಾಗಲೆಲ್ಲ ಖುಷಿಯ ಜೊತೆಗೆ ಒಂದು ಅಳುಕು. ಅವರು ನುಡಿಸುತ್ತಿದ್ದರು, ಚೆನ್ನಾಗಿಯೇ ನುಡಿಸುತ್ತಿದ್ದರು, ನಗುತ್ತಿರಲಿಲ್ಲ. ಬಚ್ಚಿಟ್ಟದ್ದು ಸಭೆಯ ನಡುವೆ ದೀಪ ಹಚ್ಚಿಕೊಂಡು ಕೂತಿತ್ತಲ್ಲ. ತಾಳದ ಮಿಷನ್ನಿನಲ್ಲಿ ಇಷ್ಟು ದೊಡ್ಡ ಅಕ್ಷರ ಯಾಕೆ ಎಂದು ಯಾರು ಬೇಕಾದರೂ ಲೆಕ್ಕ ಹಾಕಬಹುದಿತ್ತು.

ಕೊನೆಯ ಅಂಕ ಮುಗಿದು, ಮಂಗಳ ಹಾಡುವ ಮೊದಲು ಮೇಷ್ಟ್ರಿಗೆ ಹಾರ ಹಾಕುವುದು ನಮ್ಮ ಕಡೆಯ ಪದ್ಧತಿ. ಕಿರೀಟ ಕೈಯಲ್ಲಿ ಹಿಡಿದು ರಾಜನೇ, ಅಂದರೆ ಹಾರ್ಡ್‌ವೇರ್ ಅಂಗಡಿಯವರೇ, ಕೆಳಗಿಳಿದು ಬಂದರು. ಹಾರ ಹಾಕಿ ಪರದೆಯನ್ನು ದಿಟ್ಟಿಸಿ ನೋಡಿದರು. ಆಮೇಲೆ ಮಾವನ ಮುಖ ನೋಡಿದರು. ಅವರು ಏನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮಾವ ಅವರ ಕೈಯಿಂದ ಮೈಕು ತೆಗೆದುಕೊಂಡು, ಕೂತಲ್ಲೇ ಜನರ ಕಡೆ ತಿರುಗಿದರು.

"ಇದು ತಾಳದ ಮಿಷನ್ನಲ್ಲ. ಸುಳ್ಳೇಳಿದ್ದೆ. ನಂಗೆ ಪುಸ್ತಕ ಓದೋಕೆ ಕಣ್ಣು ಕಾಣ್ಸಲ್ಲ. ಇಷ್ಟ್ ದಪ್ಪ ಅಕ್ಷರ ಇದ್ರೇನೇ ಓದೋದು. ನಮ್ ಸೊಸೆ ಮಾಡ್ಕೊಟ್ಟವ್ಳೆ." ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ಕಣ್ಣಿಲ್ದೋನು ಮೇಷ್ಟ್ರಾಗಿ ಕೂತ್ಕಂಡ ಅಂತ ನಾಳೆ ಯಾರೂ ಅನ್ಬಾರ್ದು. ಅದ್ಕೆ ಹೇಳ್ದೆ. ಇನ್ ಮುಂದಕ್ಕೆ ಕರೀತೀರೋ ಬುಡ್ತೀರೋ ನಿಮಗೆ ಸೇರಿದ್ದು."

ಮುಂದಿನ ಸಾಲಿನ ಆ ಅಜ್ಜಿ, ನಾನು ಯಾರ ತುಟಿ ನೋಡಿಕೊಂಡು ಅಷ್ಟು ಹೊತ್ತು ಪುಟ ಮಗುಚಿದ್ದೆನೋ ಅವಳು, ಕುರ್ಚಿಯ ಕೈ ಹಿಡಿದು ಎದ್ದು ನಿಂತಳು.

"ನಮಗ್ ಕಾಣ್ತದೆ ಬುಡಪ್ಪ," ಎಂದಳು. "ನೀನು ನುಡ್ಸು."

ಯಾರೋ ಶಿಳ್ಳೆ ಹಾಕಿದರು, ಆಮೇಲೆ ಚಪ್ಪಾಳೆಯಲ್ಲಿ ಅವಳು ಇನ್ನೇನು ಹೇಳಿದಳೋ ಕೇಳಿಸಲಿಲ್ಲ. ರಾಜ ಕಿರೀಟವನ್ನು ಹಾರ್ಮೋನಿಯಂ ಪಕ್ಕದಲ್ಲಿಟ್ಟು ನೆಲದ ಮೇಲೆ ಕೂತುಬಿಟ್ಟರು. ಮಾವ ಮೈಕನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡು ಪರದೆಯ ಕಡೆ ತಿರುಗಿದರು. ಅಲ್ಲಿ ಕೆಂಪು ಅಕ್ಷರ ನಡುಗುತ್ತಿತ್ತು. ನಾನು ಆ ಗಲಾಟೆಯಲ್ಲಿ ಕೇಬಲ್ಲು ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದೆ.

"ಅಮ್ಮಾ, ಕೈ ಹಿಡಿ," ಎಂದರು ಮಾವ.

ಮತ್ತೆ ಹೆಬ್ಬೆರಳು ಒತ್ತಿದೆ. ಹಳದಿ ಬಂತು. ಇಡೀ ಸಭಾಂಗಣ ಮಂಗಳ ಹಾಡಿತು.